ಪದಚರ್ಚೆ: ಟ್ರ್ಯಾಕ್ ಬೈಕಿನ ಬಿಡಿಭಾಗಗಳಿಗೆಲ್ಲ ‘ರಕ್ಷಕ’ ಎಂದರೆ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ರೇಸ್ ಟ್ರ್ಯಾಕ್ ಮೇಲೆ ಬೈಕ್ ಓಡಿಸಲು ಹೊಸದಾಗಿ ಬರುವವರಿಗೆ, ಅವರ ಮೆಕ್ಯಾನಿಕ್‌ಗಳಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ಟ್ರ್ಯಾಕ್‌ಗೆ ಇಳಿದ ಗಾಡಿ ಇವತ್ತಲ್ಲ ನಾಳೆ ಬೀಳುತ್ತದೆ, ಬಿದ್ದಾಗ ಕಡಿಮೆ ಹಾಳಾಗುವ ಹಾಗೆ ಮೊದಲೇ ಏನೇನು ಕಟ್ಟಿಕೊಳ್ಳಬೇಕು. ಬೆಂಗಳೂರಿನ ಕಡೆಯವರು ಹೆಚ್ಚಾಗಿ ಹೋಗುವುದು ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿರುವ ಟ್ರ್ಯಾಕ್‌ಗೆ (1990ರಲ್ಲಿ ಶುರುವಾದದ್ದು, ಸುತ್ತು 3.7 ಕಿ.ಮೀ.), ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ. ಅಲ್ಲಿ ಜೊತೆಗೆ ಬರುವ ಮೆಕ್ಯಾನಿಕ್‌ಗಳಲ್ಲಿ ಮಂಡ್ಯ, ತುಮಕೂರು ಕಡೆಯ ಹುಡುಗರು ಬಹಳ. ಸ್ಪ್ಯಾನರ್ ಹಿಡಿದರೆ ಅವರನ್ನು ಮೀರಿಸುವವರಿಲ್ಲ, ಇಂಗ್ಲಿಷ್ ಕೈಪಿಡಿ ಕೊಟ್ಟರೆ ಮಾತ್ರ ಮಡಚಿ ಜೇಬಿಗಿಡುತ್ತಾರೆ.

ತೊಡಕು ಬಂದಿರುವುದು ಹೆಸರುಗಳಲ್ಲಿ. ಗೆಳೆಯರೊಬ್ಬರು ಪ್ರೀತಿಯಿಂದ ಒಂದು ಪದಪಟ್ಟಿ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಫ್ರೇಮ್ ಸ್ಲೈಡರ್ ‘ಚೌಕಟ್ಟು ರಕ್ಷಕ’, ಆಕ್ಸಲ್ ಸ್ಲೈಡರ್ ‘ಅಚ್ಚು ರಕ್ಷಕ’, ಎಂಜಿನ್ ಕೇಸ್ ಕವರ್ ‘ಎಂಜಿನ್ ರಕ್ಷಕ’, ಲಿವರ್ ಗಾರ್ಡ್ (ಲಿವರ್ ಎಂದರೆ ಹ್ಯಾಂಡಲ್ ಮೇಲಿನ ಬ್ರೇಕ್, ಕ್ಲಚ್ ಹಿಡಿ) ‘ಸನ್ನೆ ರಕ್ಷಕ’. ಪಠ್ಯಪುಸ್ತಕದಲ್ಲಿ ಲಿವರ್‌ಗೆ ಸನ್ನೆ ಎಂದಿರುವುದು ನಿಜವೇ. ಆದರೂ ‘ಸನ್ನೆ ರಕ್ಷಕ’ ಎಂದು ಓದಿದ ಹುಡುಗ ಯಾರ ಕಣ್ಸನ್ನೆ ಕಾಯಬೇಕು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ನನ್ನ ತಕರಾರು ಸಂಸ್ಕೃತದ ಮೇಲಲ್ಲ. ಈ ಸಾಮಾನುಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಕೆಲಸ ಮಾಡುತ್ತವೆ. ಒಂದು ಜಾರುತ್ತದೆ, ಒಂದು ಸವೆಯುತ್ತದೆ, ಒಂದು ಮಡಚಿಕೊಳ್ಳುತ್ತದೆ, ಇನ್ನೊಂದು ಸೋರಿದ್ದನ್ನು ಹಿಡಿದಿಡುತ್ತದೆ. ಎಲ್ಲಕ್ಕೂ ‘ರಕ್ಷಕ’ ಎಂದುಬಿಟ್ಟರೆ ಓದುವವನ ಕಣ್ಣಿಗೆ ಬರುವುದು ಬುಲೆಟ್ಟಿಗೆ, ಹಳೇ ಯೆಜ್ಡಿಗೆ ಹಾಕಿಸುತ್ತಿದ್ದ ಕಬ್ಬಿಣದ ಕ್ರ್ಯಾಶ್ ಗಾರ್ಡ್. ಅದು ರಸ್ತೆಗೆ ಸರಿ. ಸಿಗ್ನಲ್‌ನಲ್ಲಿ ನಿಂತಲ್ಲೇ ಮಗುಚಿದರೆ ಕಾಲು ಉಳಿಸುತ್ತದೆ. ಲೆಗ್ ಗಾರ್ಡ್ ಎಂಬ ಹೆಸರು ಬಂದದ್ದೂ ಅದಕ್ಕೇ. ಟ್ರ್ಯಾಕ್‌ನಲ್ಲಿ ಅದೇ ಕೊಳವೆ ಡಾಂಬರಿನ ಅಂಚಿಗೋ ಮಣ್ಣಿಗೋ ಸಿಕ್ಕಿಕೊಂಡು ಗಾಡಿಯನ್ನು ಪಲ್ಟಿ ಹೊಡೆಸುತ್ತದೆ. ಹೆಸರು ನೋಡಿ ಅಂಗಡಿಗೆ ಹೋದವನು ತಪ್ಪು ಸಾಮಾನು ತಂದರೆ ತಪ್ಪು ಅವನದಲ್ಲ.

ಮೊದಲು ‘ಬೀಳುವುದು’ ಎಂಬುದನ್ನೇ ನೋಡೋಣ. ಇದಕ್ಕೆ ‘ಅಪಘಾತ’ ನನಗೆ ಬೇಡ. ಅಪಘಾತ ಎಂದ ಕೂಡಲೇ ಪೊಲೀಸ್, ಪಂಚನಾಮೆ, ಆಸ್ಪತ್ರೆ ಎಲ್ಲ ಬಂದು ಕೂರುತ್ತವೆ. ವಿಮೆಯೂ ನೆನಪಾಗುತ್ತದೆ, ನಮ್ಮ ದೇಶದ ಸಾಮಾನ್ಯ ವಾಹನ ವಿಮೆಯ ಷರತ್ತಿನಲ್ಲೋ, ಸಂಘಟಿತ ರೇಸ್, ವೇಗ ಪರೀಕ್ಷೆಗಳನ್ನು ಹೊರಗಿಟ್ಟೇ ಬರೆದಿರುತ್ತಾರೆ. ಅಂದರೆ ಟ್ರ್ಯಾಕ್‌ನಲ್ಲಿ ಮುರಿದದ್ದಕ್ಕೆಲ್ಲ ನಮ್ಮ ಜೇಬೇ ಗತಿ. ಟ್ರ್ಯಾಕ್‌ನವರ ಬಾಯಲ್ಲಿ ಈ ಮಾತು ಬಹಳ ಹಗುರ: ‘ಆರನೇ ತಿರುವಲ್ಲಿ ಬಿದ್ದ’, ‘ಲೋಸೈಡ್ ಆಯ್ತು’, ‘ಹೈಸೈಡ್ ಆಗಿ ಹೋಯ್ತು ಗುರೂ’. ಈ ಎರಡು ಬೀಳುಗಳನ್ನು ಬೇರೆ ಮಾಡಿ ಹೇಳದೆ ಕೈಪಿಡಿ ಮುಂದೆ ಹೋಗುವ ಹಾಗಿಲ್ಲ. ಲೋಸೈಡ್ ಎಂದರೆ, ತಿರುವಿನಲ್ಲಿ ಗಾಡಿ ವಾಲಿರುವಾಗ ಟೈರ್ ಹಿಡಿತ ಬಿಟ್ಟು, ವಾಲಿದ ಮಗ್ಗುಲಿಗೇ ಮಲಗಿ ಜಾರಿಕೊಂಡು ಹೋಗುವುದು. ಸವಾರನೂ ಹಿಂದೆಯೇ ಜಾರುತ್ತಾನೆ, ಸಾಮಾನ್ಯವಾಗಿ ಎದ್ದು ಬಟ್ಟೆ ಕೊಡವಿಕೊಳ್ಳುತ್ತಾನೆ. ಹೈಸೈಡ್‌ನಲ್ಲಿ ಹಿಂದಿನ ಚಕ್ರ ಜಾರುತ್ತ ಜಾರುತ್ತ ಥಟ್ಟನೆ ಹಿಡಿತ ಸಿಕ್ಕಿ, ಗಾಡಿ ಎದುರು ಮಗ್ಗುಲಿಗೆ ಸೆಟೆದು ಸವಾರನನ್ನು ಮೇಲಕ್ಕೆ ಒಗೆಯುತ್ತದೆ. ಒಂದಕ್ಕೆ ‘ಜಾರುಬೀಳು’, ಇನ್ನೊಂದಕ್ಕೆ ‘ಎಗರುಬೀಳು’ ಎಂದು ಸದ್ಯಕ್ಕೆ ಬರೆದಿದ್ದೇನೆ. ‘ಜಾರುಬೀಳು’ ಕಿವಿಗೆ ಒಗ್ಗಿದೆ. ‘ಎಗರುಬೀಳು’ ಎಂದಾಗ ‘ಯಾಕಯ್ಯಾ ಎಗರಿ ಬೀಳ್ತೀಯ’ ಎಂದು ಸಿಡುಕುವವನಿಗೆ ಹೇಳುವ ಮಾತು ಅಡ್ಡ ಬರುತ್ತದೆ. ‘ಒಗೆಬೀಳು’ ಎಂದೊಬ್ಬರು ಸೂಚಿಸಿದರು. ಅರ್ಥ ಸರಿ, ಆದರೆ ಬಟ್ಟೆ ಒಗೆಯುವ ಕಲ್ಲು ಕಣ್ಣಿಗೆ ಬರುತ್ತದೆ. ಉತ್ತರ ಕರ್ನಾಟಕದವರು, ಕರಾವಳಿಯವರು ಇಲ್ಲಿ ಕೈಹಿಡಿಯಬೇಕು.

ಈ ಎರಡರ ವ್ಯತ್ಯಾಸ ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ನಾವು ಕಟ್ಟಿಕೊಳ್ಳುವ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಜಾರುಬೀಳಿಗಾಗಿಯೇ ಇರುವಂಥವು. ಎಗರಿ ಬಿದ್ದು ಜಲ್ಲಿಯಲ್ಲಿ ಪಲ್ಟಿ ಹೊಡೆಯುವ ಗಾಡಿಯನ್ನು ಯಾವ ನೈಲಾನ್ ತುಂಡೂ ಕಾಯುವುದಿಲ್ಲ.

ಇನ್ನು ನನ್ನ ಮುಖ್ಯ ಪ್ರಶ್ನೆ, ಸ್ಲೈಡರ್. ನೋಡಿದವರಿಗೆ ಗೊತ್ತು: ಎಂಜಿನ್ನನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟನ್ನು ತೆಗೆದು, ಅಲ್ಲಿ ಉದ್ದದ ಬೋಲ್ಟ್ ಹಾಕಿ, ಅದರ ತುದಿಗೆ ನೈಲಾನ್ ಅಥವಾ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಒಂದು ಮೋಟು ತುಂಡು ಕೂರಿಸುತ್ತಾರೆ. ಫೇರಿಂಗ್‌ನಿಂದ (ಬೈಕಿನ ಮೈ ಮುಚ್ಚುವ ಹೊದಿಕೆಯಿಂದ) ಹೊರಗೆ ಎರಡು ಮೂರು ಬೆರಳಷ್ಟು ಚಾಚಿಕೊಂಡಿರುತ್ತದೆ. ಗಾಡಿ ಮಲಗಿದಾಗ ನೆಲಕ್ಕೆ ಮೊದಲು ತಾಗುವುದು ಅದು. ತಾನು ತೇಯುತ್ತ ತೇಯುತ್ತ ಗಾಡಿಯನ್ನು ಜಾರಲು ಬಿಡುತ್ತದೆ. ಬಿದ್ದ ಗಾಡಿಯ ಸ್ಲೈಡರ್ ನೋಡಿದರೆ ಗಂಧದ ಕೊರಡಿನ ಹಾಗೆ ಒಂದು ಕಡೆ ಓರೆಯಾಗಿ ತೇಯ್ದು ಹೋಗಿರುತ್ತದೆ, ಮೈಮೇಲೆ ಡಾಂಬರಿನ ಕರಿ ಗೀರುಗಳು, ಅಂಚಿಗೆ ಕರಗಿ ಮೆತ್ತಿಕೊಂಡ ನೈಲಾನಿನ ಎಳೆ. ತೀರಾ ಉದ್ದವಿದ್ದರೆ ಅಪಾಯ: ಬಿದ್ದ ಪೆಟ್ಟಿಗೆ ಬೋಲ್ಟ್ ಬಾಗುತ್ತದೆ, ಫ್ರೇಮ್ ಅಥವಾ ಎಂಜಿನ್ನಿನ ಕಿವಿಯೇ (ಬೋಲ್ಟ್ ಕೂರುವ ಜಾಗ) ಸೀಳುತ್ತದೆ. ಫೇರಿಂಗ್ ಉಳಿಸಲು ಹೋಗಿ ಚಾಸಿ ಕಳೆದುಕೊಂಡ ಹಾಗೆ. ಹಾಗಾಗಿ ಗಟ್ಟಿಯಾಗಿರುವುದು ಅದರ ಗುಣವಲ್ಲ, ಹದವಾಗಿ ಸವೆಯುವುದು ಅದರ ಗುಣ.

ಬ್ರಿಟನ್ನಿನಲ್ಲಿ ಇದಕ್ಕೆ ಕ್ರ್ಯಾಶ್ ಬಾಬಿನ್, ಕ್ರ್ಯಾಶ್ ಮಶ್ರೂಮ್ ಎಂದೂ ಹೆಸರು, ಅಂದರೆ ಆಕಾರ ನೋಡಿ ಇಟ್ಟದ್ದು. ನಾವೂ ಆಕಾರದಿಂದ ಹೊರಟರೆ ‘ಗುಬುಟು’ ಇದೆ. ಹಲಗೆ, ಲೋಹ, ಮೈಮೇಲೆ ಉಬ್ಬಿ ನಿಂತದ್ದಕ್ಕೆಲ್ಲ ನಮ್ಮ ಕಡೆ ಗುಬುಟು ಎನ್ನುತ್ತಾರೆ. ‘ಜಾರುಗುಬುಟು’ ಎಂದರೆ ರೂಪವೂ ಬಂತು, ಕೆಲಸವೂ ಬಂತು. ಬರೀ ‘ಜಾರುಗ’ ಎಂಬ ಸೂಚನೆಯೂ ಬಂದಿದೆ. ಕೆಲಸ ಹೇಳಿದರೆ ಜಾರಿಕೊಳ್ಳುವ ಆಸಾಮಿಯ ಅಡ್ಡಹೆಸರಿನಂತಿದೆ ಎಂದು ಬಿಟ್ಟಿದ್ದೇನೆ. ‘ಜಾರುಬಂಡೆ’ ಈಗಾಗಲೇ ಪಾರ್ಕಿನ ಮಕ್ಕಳ ಸ್ವತ್ತು, ಅಲ್ಲಿ ಬಂಡೆ ಜಾರುವುದೂ ಇಲ್ಲ. ಚಕ್ರದ ಅಚ್ಚಿನ ಟೊಳ್ಳಿನಲ್ಲಿ ಒಂದು ಸರಳು ತೂರಿಸಿ ಎರಡೂ ತುದಿಗೆ ಹಾಕುವುದಕ್ಕೆ ‘ಅಚ್ಚಿನ ಗುಬುಟು’ ಎಂದರೆ ಎತ್ತಿನ ಗಾಡಿ ಕಟ್ಟಿ ಗೊತ್ತಿದ್ದವರಿಗೆ ಹೊಸದೆನಿಸುವುದಿಲ್ಲ. ಮುಂದೆ ಫೋರ್ಕಿನ ಬುಡ, ಬ್ರೇಕ್ ಕ್ಯಾಲಿಪರ್, ಹಿಂದೆ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ನೆಲಕ್ಕೆ ಉಜ್ಜದಂತೆ ನೋಡಿಕೊಳ್ಳುವುದು ಅದು.

ಸವಾರನ ಮಂಡಿಗೆ ಅಂಟಿಸುವ ನೀ ಸ್ಲೈಡರ್ ಇದೆಯಲ್ಲ, ಅದು ಚಪ್ಪಟೆ. ಅದಕ್ಕೆ ‘ಮಂಡಿಬಿಲ್ಲೆ’ ಎಂದು ಕಣ್ಣುಮುಚ್ಚಿ ಬರೆದಿದ್ದೇನೆ. ಯಾರಾದರೂ ಬೇಡವೆಂದರೆ ಜಗಳಕ್ಕೆ ಸಿದ್ಧ.

ಎಂಜಿನ್ ಕವರಿನ ವಿಷಯ ಇನ್ನೂ ಗಂಭೀರ. ನಮ್ಮ ಬಹುತೇಕ ಬೈಕುಗಳಲ್ಲಿ ಎಡಕ್ಕೆ ಮ್ಯಾಗ್ನೆಟ್ ಕವರ್, ಬಲಕ್ಕೆ ಕ್ಲಚ್ ಕವರ್. ತೆಳು ಅಲ್ಯೂಮಿನಿಯಂ ಎರಕ. ಓಡುವ ವೇಗದಲ್ಲಿ ಡಾಂಬರಿಗೆ ಉಜ್ಜಿದರೆ ನೋಡನೋಡುತ್ತ ತೂತು ಬಿದ್ದು, ಎಣ್ಣೆ ಟ್ರ್ಯಾಕ್ ಮೇಲೆ ಗೀರು ಎಳೆಯುತ್ತದೆ. ಹಿಂದೆ ಬರುವವನು ಅದರ ಮೇಲೆ ಟೈರ್ ಇಟ್ಟರೆ ಮುಗಿಯಿತು. ಹಳದಿಯಲ್ಲಿ ಕೆಂಪು ಪಟ್ಟಿಯ ಬಾವುಟ ಎತ್ತುವುದು ಇದಕ್ಕೇ. ಎಣ್ಣೆ ಹೆಚ್ಚಾದರೆ ಕೆಂಪು ಬಾವುಟ, ಎಲ್ಲರ ಓಟವೂ ಬಂದ್. ಆದ್ದರಿಂದಲೇ ವಿಶ್ವ ಸೂಪರ್‌ಬೈಕ್ ರೇಸ್‌ಗಳ ನಿಯಮದಲ್ಲಿ ಎಣ್ಣೆ ಇರುವ ಪಕ್ಕದ ಕವರುಗಳಿಗೆ ಎರಡನೆಯ ಹೊದಿಕೆ ಕಡ್ಡಾಯ. ಗಾಜಿನ ನಾರು ಬೆರೆಸಿದ ನೈಲಾನಿನಲ್ಲಿ ಅಚ್ಚು ಹೊಯ್ದು ಮಾಡಿರುವಂಥವು ಸಿಗುತ್ತವೆ, ಕಂಪನಿಯ ಕವರ್ ಮೇಲೇ ಉದ್ದದ ಬೋಲ್ಟ್ ಹಾಕಿ ಕೂರಿಸುವುದು. ಇದಕ್ಕೆ ‘ಮೇಲ್ಚಿಪ್ಪು’ ಎಂದಿದ್ದೇನೆ. ‘ಕವಚ’ ಆಗಬಹುದಿತ್ತು, ಆದರೆ ಸವಾರ ತೊಡುವ ಚರ್ಮದ ಸೂಟಿಗೂ ಬೆನ್ನಿನ ಹಲಗೆಗೂ ಅದೇ ಪದ ಬಳಸುವವರಿದ್ದಾರೆ; ಗಾಡಿಗೊಂದು ಆಳಿಗೊಂದು ಬೇರೆ ಇರಲಿ ಎಂದು.

ಎಂಜಿನ್ ಕೆಳಗಿನ ಫೇರಿಂಗ್‌ಗೆ ಬರೋಣ. ಇಂಗ್ಲಿಷಿನಲ್ಲಿ ಬೆಲ್ಲಿ ಪ್ಯಾನ್. ಎಂಜಿನ್ ಒಡೆದರೆ ಒಳಗಿನ ಎಣ್ಣೆ, ನೀರು ಎರಡೂ ಸೇರಿ ಕನಿಷ್ಠ ಅರ್ಧದಷ್ಟಾದರೂ ಅದರಲ್ಲಿ ನಿಲ್ಲಬೇಕು ಎಂಬುದು ರೇಸ್ ನಿಯಮ. ತಳದಲ್ಲಿ ತೂತು ಇರುತ್ತದೆ, ಬಿಸಿಲಿನಲ್ಲಿ ಬಿರಡೆ ಹಾಕಿ ಮುಚ್ಚಿರಬೇಕು, ಮಳೆ ಬಂದರೆ ಮಾತ್ರ ತೆಗೆಯಬೇಕು. ಪದಪಟ್ಟಿಯಲ್ಲಿ ‘ಉದರ ತಟ್ಟೆ’ ಎಂದಿದೆ, ಓದಿ ಊಟದ ಹೊತ್ತಾಯಿತೆಂದುಕೊಂಡೆ. ‘ಬಾನಿ’ ಹೇಗೆ? ಹಳ್ಳಿಯ ಕಡೆ ಕಲಗಚ್ಚು ಹಿಡಿದಿಡುವ ಬಾನಿ ಎಲ್ಲರಿಗೂ ಗೊತ್ತು. ‘ಎಣ್ಣೆಬಾನಿ’ ಎಂದರೆ ಅದರ ಕೆಲಸ ಏನೆಂದು ಇನ್ನೊಮ್ಮೆ ಹೇಳಬೇಕಾಗಿಲ್ಲ. ಮಲೆನಾಡಿನವರು ‘ಮರಿಗೆ’ ಎಂದರೆ ಒಪ್ಪುತ್ತೇನೆ, ಆದರೆ ಬಯಲುಸೀಮೆಯ ಎಳೆಯರಿಗೆ ಅದು ಹೊಸ ಪದವೇ.

ಬೋಲ್ಟ್ ಕಳಚದಂತೆ ಕಟ್ಟುವ ಲಾಕ್ ವೈರ್‌ಗೆ ಪದ ಸುಲಭವಾಗಿ ಸಿಕ್ಕಿತು. ಎಣ್ಣೆ ಇಳಿಸುವ ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆದು, ಸುಮಾರು 0.8 ಮಿ.ಮೀ. ಸ್ಟೀಲ್ ತಂತಿಯನ್ನು ಎರಡೆಳೆ ಮಾಡಿ ಹುರಿಹಾಕಿ, ಬೋಲ್ಟ್ ಬಿಗಿಯಾಗುವ ದಿಕ್ಕಿಗೇ ಎಳೆಯುವಂತೆ ಕಟ್ಟುವುದು. ಹುರಿ ಎಂದರೆ ಹಗ್ಗ ಹೊಸೆದವರಿಗೆ ಗೊತ್ತು, ‘ಹುರಿತಂತಿ’ ಸಾಕು.

ಲಿವರ್‌ಗಳಲ್ಲಿ ಎರಡು ಬೇರೆ ಮಾತು ಇವೆ, ಪಟ್ಟಿ ಎರಡನ್ನೂ ಒಂದೇ ಮಾಡಿದೆ. ಮಡಚಿಕೊಳ್ಳುವ ಲಿವರ್ ಬಿದ್ದಾಗ ಮುರಿಯದಂತೆ. ಲಿವರ್ ಗಾರ್ಡ್ ಅದಕ್ಕಲ್ಲ. ಪಕ್ಕದವನ ಗಾಡಿ ತಾಗಿ ಬ್ರೇಕ್ ಲಿವರ್ ಒತ್ತಿಹೋದರೆ ಮುಂದಿನ ಚಕ್ರ ಕಚ್ಚಿಕೊಂಡು ಸವಾರ ಹಾರುತ್ತಾನೆ, ಅದನ್ನು ತಪ್ಪಿಸುವ ಅಡ್ಡಪಟ್ಟಿ ಅದು. ಮೋಟೊಜಿಪಿ ಬೈಕ್ ರೇಸ್‌ಗಳಲ್ಲಿ ಕಡ್ಡಾಯ. ಇದೊಂದು ಮಾತ್ರ ನಿಜವಾಗಿ ‘ತಡೆ’, ‘ಲಿವರ್ ತಡೆ’ ಎಂದು ಹಾಕಿದ್ದೇನೆ, ಲಿವರನ್ನು ಲಿವರ್ ಆಗಿಯೇ ಬಿಟ್ಟು. ಇದರ ಜೊತೆಗೊಂದು ಗ್ಯಾರೇಜ್ ಉಪಾಯವೂ ಇದೆ: ಲಿವರ್ ಹಿಡಿದಿರುವ ಕ್ಲ್ಯಾಂಪನ್ನು ಪೂರ್ತಿ ಬಿಗಿ ಮಾಡದೆ, ಅಂಗೈಯಿಂದ ಜೋರಾಗಿ ಗುದ್ದಿದರೆ ತಿರುಗುವಷ್ಟು ಬಿಡುವುದು. ಬಿದ್ದಾಗ ಲಿವರ್ ಮುರಿಯದೆ ಸರಿದುಕೊಳ್ಳುತ್ತದೆ. ‘ಸಡಿಲ ಬಿಡಿ’ ಎಂದು ಬರೆದರೆ ಯಾರೋ ಗಡಗಡ ಅಲ್ಲಾಡುವಂತೆ ಬಿಟ್ಟಾರು. ‘ಹದಬಿಗಿ’ ಎಂದು ಬರೆದಿದ್ದೇನೆ. ಎಷ್ಟು ಬಿಗಿ ಎಂದು ಅಳೆದು ತಿರುಗಿಸುವ ಟಾರ್ಕ್ ಸ್ಪ್ಯಾನರಿನ ಲೆಕ್ಕದಲ್ಲಿ ಕೆಲಸ ಮಾಡುವ ಎಂಜಿನಿಯರ್‌ಗಳು ಇದಕ್ಕೆ ಮೂಗು ಮುರಿಯಬಹುದು.

ಬಳಗದಿಂದ ನನಗೆ ಬೇಕಾದದ್ದು ಇಷ್ಟು. ‘ಎಗರುಬೀಳು’ವಿಗೆ ಇನ್ನೊಂದು ಪದ. ಗುಬುಟು ನಿಮ್ಮ ಕಡೆ ಬಳಕೆಯಲ್ಲಿದೆಯೇ, ಗುಬಟು ಎಂದು ಬರೆಯುತ್ತೀರಾ, ಬೇರೇನಾದರೂ ಕೆಟ್ಟ ಅರ್ಥವಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ. ಮೇಲ್ಚಿಪ್ಪು, ಎಣ್ಣೆಬಾನಿ ಪದಗಳ ಪಕ್ಕದಲ್ಲಿ ಅಂಗಡಿಯಲ್ಲಿ ಕೇಳುವ ಇಂಗ್ಲಿಷ್ ಹೆಸರನ್ನೂ ಕನ್ನಡ ಲಿಪಿಯಲ್ಲಿ ಕೊಡುವುದು ಅಂತೂ ಖಚಿತ, ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ಹೋಗಿ ಬಾನಿ ಕೊಡಿ ಎಂದರೆ ಪಾತ್ರೆ ಅಂಗಡಿಗೆ ದಾರಿ ತೋರಿಸುತ್ತಾರೆ. ಜೊತೆಗೆ ಅಕ್ಷರದ ಒಂದು ಚಿಲ್ಲರೆ ಪ್ರಶ್ನೆ: ಕ್ರ್ಯಾಶ್, ಕ್ರಾಶ್, ಕ್ರ್ಯಾಷ್, ಇವುಗಳಲ್ಲಿ ನೀವು ಯಾವುದನ್ನು ಬರೆಯುತ್ತೀರಿ? ಒತ್ತಿನ ಮೇಲೆ ಒತ್ತು ಬಂದರೆ ಸಣ್ಣ ಅಕ್ಷರದ ಮುದ್ರಣದಲ್ಲಿ ಕಲಸಿಹೋಗುತ್ತದೆ ಎಂದು ಅಚ್ಚಿನವರು ‘ಕ್ರಾಶ್’ ಕೇಳುತ್ತಿದ್ದಾರೆ.