ಮಗನ ಚೀಲದಲ್ಲಿ ಎಸ್‌ಡಿಎಂಸಿ ನಡಾವಳಿ ಪುಸ್ತಕ ಬಂತು, ಸಹಿ ಹಾಕಲಾ ಬೇಡವಾ?

ಹೊಲದಂಚು:
ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಾನು ಸದಸ್ಯೆಯಾಗಿ ಎಂಟು ತಿಂಗಳಾಯಿತು. ಆಯ್ಕೆ ಅಂದರೆ ಏನು, ಶಾಲೆ ಅಂಗಳದಲ್ಲಿ ಹತ್ತು ಜನ ಸೇರಿದ್ದರು, ಊರಿನ ದೊಡ್ಡವರೊಬ್ಬರು ಜೇಬಿನಿಂದ ಚೀಟಿ ತೆಗೆದು ಹೆಸರು ಓದಿದರು, ಚಪ್ಪಾಳೆ, ಮುಗೀತು. ಹೆಂಗಸರು ಬೇಕಿತ್ತಂತೆ, ಅದಕ್ಕೆ ನನ್ನ ಹೆಸರೂ ಇತ್ತು. ಆಮೇಲೆ ಕೂತು ಮಾತಾಡಿದ್ದು ಒಂದೇ ಸಲ, ಅದೂ ಆಗಸ್ಟ್ 15ಕ್ಕೆ ಲಾಡು ಕೊಡೋಣವಾ ಚಾಕೊಲೇಟಾ ಅಂತ. ಹೋದ ವಾರ ಮಗನ ಚೀಲದಲ್ಲಿ ನಡಾವಳಿ ಪುಸ್ತಕವೇ ಬಂತು. ಮೂರು ಸಭೆ ಬರೆದಿದ್ದಾರೆ, ಮೂರಕ್ಕೂ ನಾನು ಹಾಜರು! ಒಂದರಲ್ಲಿ ಶೌಚಾಲಯ ರಿಪೇರಿ ಖರ್ಚಿಗೆ ಒಪ್ಪಿಗೆ ಕೊಟ್ಟಿದ್ದೀನಂತೆ. ಆ ಶೌಚಾಲಯಕ್ಕೆ ಇನ್ನೂ ಚಿಲಕ ಇಲ್ಲ. ನಮ್ಮನೆಯವರು "ಸುಮ್ನೆ ಹಾಕಿ ಕಳಿಸು, ಮಗು ಅಲ್ಲೇ ಓದಬೇಕು" ಅಂತಾರೆ. ಏನು ಮಾಡಲಿ?

ಹಳೇ ಅಧ್ಯಕ್ಷ:
ಹಾಕಬೇಡಿ ಅಕ್ಕಾ. ಆ ಸಹಿ ಬಿದ್ದ ಮೇಲೆ ದುಡ್ಡಿನ ಲೆಕ್ಕಕ್ಕೆ ನೀವೂ ಒಪ್ಪಿದ ಹಾಗೆ. ನಿಮ್ಮನ್ನು ಯಾರೋ ದಯೆ ತೋರಿ ಸೇರಿಸಿದ್ದೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಸಮಿತಿಯ ಕೆಲಸ ಅಂತ ಅದೇ ಸೆಕ್ಷನ್ನಿನಲ್ಲೇ ಇದೆ. ಪುಸ್ತಕವನ್ನು ಮಗನ ಕೈಯಲ್ಲಿ ವಾಪಸ್ ಕಳಿಸಬೇಡಿ, ನೀವೇ ತಗೊಂಡು ಹೋಗಿ. ಒಬ್ಬರೇ ಬೇಡ, ಇನ್ನಿಬ್ಬರು ತಾಯಂದಿರನ್ನು ಕರ್ಕೊಂಡು ಹೋಗಿ. ಒಬ್ಬರೇ ಹೋದರೆ ಜಗಳಗಂಟಿ ಅಂತಾರೆ, ಮೂವರು ಹೋದರೆ ಕುರ್ಚಿ ಹಾಕ್ತಾರೆ, ನಾನು ಕಣ್ಣಾರೆ ನೋಡಿದ್ದು.

ಕಟ್ಟೆಪುರಾಣ:
ನಮ್ಮಲ್ಲಿ ಅಧ್ಯಕ್ಷಗಿರಿಗೆ ಎರಡು ಪಾರ್ಟಿ, ಎರಡು ಫ್ಲೆಕ್ಸು. ಗೆದ್ದವರು ಶಾಲೆಗೆ ಬಂದಿದ್ದು ಹಾರ ಹಾಕಿಸಿಕೊಂಡ ದಿನ ಮಾತ್ರ 😄

ನಿವೃತ್ತ ಮೇಷ್ಟ್ರು:
ಸುಳ್ಳು ನಡಾವಳಿ ತಪ್ಪೇ, ಸಮರ್ಥನೆ ಮಾಡಲ್ಲ. ಆದರೆ ಹೆಡ್‌ಮಾಸ್ಟರ ಕಡೆಯಿಂದಲೂ ಸ್ವಲ್ಪ ನೋಡಿ. ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ಇದರ ಮಧ್ಯೆ ಪಾಠ. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರ್ತಾರೆ? ಕೋರಂ ಆಗಲ್ಲ. ಅತ್ತ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ನಡಾವಳಿ ಎಲ್ಲಿ ಅಂತ ಕೇಳ್ತಾರೆ. ಆಗ ಹುಟ್ಟುವುದೇ ಈ ಚೀಲದ ಸಭೆ. 2001ರಲ್ಲಿ ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ ಎಸ್‌ಡಿಎಂಸಿ ಆದೇಶ ಬಂದಾಗ ನಾನಿನ್ನೂ ಸರ್ವಿಸಿನಲ್ಲಿದ್ದೆ. ಅದಕ್ಕೆ ಮುಂಚೆ ಗ್ರಾಮ ಶಿಕ್ಷಣ ಸಮಿತಿ ಅಂತ ಇತ್ತು, ನಮ್ಮ ಕಡೆ ಅದರಲ್ಲಿ ಊರ ಯಜಮಾನರದ್ದೇ ಮಾತು. ಪೋಷಕರೇ ಆರಿಸಲಿ ಅಂತ ಬಂದಾಗ, ನಿಜ ಹೇಳ್ತೀನಿ, ನಮಗೇ ಇರುಸುಮುರುಸಾಯಿತು. ಹೆಬ್ಬೆಟ್ಟು ಒತ್ತುವವರು ನಮ್ಮ ಕೆಲಸ ನೋಡ್ತಾರಾ ಅಂತ ಗೊಣಗಿದ್ದೀವಿ. ಆಮೇಲೆ ಅಂಥ ತಾಯಿಯೊಬ್ಬರೇ ಒಂದು ದಿನ ಅಡುಗೆ ಕೋಣೆಗೆ ಹೋಗಿ ಬೇಳೆ ಮೂಟೆಗೆ ಕೈ ಹಾಕಿ, ಹುಳ ತೋರಿಸಿ, ಮೂಟೆ ಬದಲಾಯಿಸುವ ಹಾಗೆ ಮಾಡಿದರು. ನಾನು ದಿನಾ ಅದರ ಪಕ್ಕದಲ್ಲೇ ಓಡಾಡ್ತಿದ್ದೆ, ಕಂಡಿರಲಿಲ್ಲ.
ಮಗುವಿಗೆ ತೊಂದರೆ ಕೊಡುವ ಮೇಷ್ಟ್ರು ತುಂಬಾ ಕಮ್ಮಿ, ಆ ಭಯ ಬಿಡಿ. ಸಭೆ ಟೈಮ್ ಮೊದಲು ಬದಲಾಯಿಸಿ.

ಹಳೇ ಅಧ್ಯಕ್ಷ:
ಮೇಷ್ಟ್ರ ಮಾತು ಸರಿ. ಆದರೂ ಶೌಚಾಲಯದ ಬಿಲ್ಲು ನೋಡಲೇಬೇಕು. ಬಾಯಲ್ಲಿ ಕೇಳಿ, ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆಯಲ್ಲ. ಅದು ಕೊನೆಗೆ ಮಾತ್ರ, ಮೊದಲ ದಿನವೇ ಅರ್ಜಿ ಹಿಡಿದು ಹೋದರೆ ಮಾತೇ ನಿಂತುಹೋಗುತ್ತೆ.

ಹೊಲದಂಚು:
ಇವತ್ತು ಹೋಗಿ ಬಂದೆ, ಜೊತೆಗೆ ಓರಗಿತ್ತಿ, ಪಕ್ಕದ ಮನೆಯವರು. ಹೆಡ್‌ಮಾಸ್ಟರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಟೀ ತರಿಸಿದರು. ಬಿಲ್ಲು ಇನ್ನೂ ತೋರಿಸಿಲ್ಲ, "ಹುಡುಕಬೇಕು" ಅಂದರು. ಭಾನುವಾರ ಸಂಜೆ 6ಕ್ಕೆ ಸಭೆ ಅಂತ ನಮ್ಮೆದುರೇ ನೋಟಿಸು ಬರೆದರು. ಆ ಮೂರು ಪುಟಕ್ಕೆ ನಾನು ಸಹಿ ಹಾಕಿಲ್ಲ. ಬರುವಾಗ ಶೌಚಾಲಯದ ಬಾಗಿಲಿನ ಫೋಟೋ ಹೊಡ್ಕೊಂಡು ಬಂದೆ.