ಪದಚರ್ಚೆ: ಟಿಕೆಟ್ ‘ರೈಸ್’ ಮಾಡೋದೋ, ‘ರೇಯ್ಸ್’ ಮಾಡೋದೋ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು: ‘ಒಂದು ಟಿಕೆಟ್ ರೈಸ್ ಮಾಡಿ’, ಅಂದರೆ ಸಮಸ್ಯೆಯನ್ನು ದೂರಾಗಿ ದಾಖಲಿಸಿ. ಮಾತಿಗೆ ಮಾತು ಬೆಳೆದರೆ ‘ವಾಯ್ಸ್ ರೈಸ್ ಮಾಡ್ಬೇಡಿ’. ಇಂಗ್ಲಿಷಿನಲ್ಲಿ ಎರಡು ಕಡೆಯೂ ಇರಬೇಕಾದ್ದು ರೇಯ್ಸ್. ರೈಸ್ ಅಂದರೆ ತಾನಾಗಿ ಏರುವುದು, ಏಳುವುದು. ರೇಯ್ಸ್ ಅಂದರೆ ಇನ್ನೊಂದನ್ನು ಏರಿಸುವುದು, ಎತ್ತುವುದು. ಲೈ (ಮಲಗು) ಮತ್ತು ಲೇ (ಮಲಗಿಸು, ಇಡು) ಕೂಡ ಇದೇ ಥರದ ಜೋಡಿ.

ನನ್ನನ್ನು ಕಾಡುವುದು ಇಷ್ಟೇ. ಏರು–ಏರಿಸು, ಮಲಗು–ಮಲಗಿಸು, ಕೂರು–ಕೂರಿಸು ಅಂತ ನಾವು ಲೀಲಾಜಾಲವಾಗಿ ಆಡುತ್ತೇವೆ. ‘ಮಗುವನ್ನು ಮಲಗಿದೆ’ ಅಂತ ಯಾರೂ ಅನ್ನುವುದಿಲ್ಲ. ಈ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತಿದೆ. ಹಾಗಿದ್ದೂ ಇಂಗ್ಲಿಷಿನಲ್ಲಿ ಯಾಕೆ ಎಡವುತ್ತೇವೆ?

ನನಗೆ ತೋಚಿದ ಉತ್ತರ: ಇಂಗ್ಲಿಷ್ ಪದಕ್ಕೆ ನಾವು ಅಂಟಿಸುವ ‘ಆಗು’, ‘ಮಾಡು’ಗಳೇ ಇದಕ್ಕೆ ಕಾರಣ. ಗಾಡಿ ಸ್ಟಾರ್ಟ್ ಆಯ್ತು, ಗಾಡಿ ಸ್ಟಾರ್ಟ್ ಮಾಡಿದೆ. ಫೈಲ್ ಓಪನ್ ಆಯ್ತು, ಫೈಲ್ ಓಪನ್ ಮಾಡಿದೆ. ತಾನಾಗಿ ಆದದ್ದೋ, ಯಾರೋ ಮಾಡಿದ್ದೋ ಅನ್ನುವುದನ್ನು ಬಾಲದಲ್ಲಿರುವ ಕನ್ನಡ ಪದವೇ ಹೇಳಿಬಿಡುತ್ತದೆ. ಮುಂದಿರುವ ಇಂಗ್ಲಿಷ್ ಪದಕ್ಕೆ ಆ ಕೆಲಸವೇ ಇಲ್ಲ. ಟಿಕೆಟ್ ರೈಸ್ ಆಯ್ತು, ಟಿಕೆಟ್ ರೈಸ್ ಮಾಡಿದೆ: ಒಂದೇ ‘ರೈಸ್’ ಎರಡಕ್ಕೂ ಸಾಕು. ಕನ್ನಡದ ಮಟ್ಟಿಗೆ ಇದನ್ನು ತಪ್ಪು ಅನ್ನೋಕೂ ನನಗೆ ಮನಸ್ಸಿಲ್ಲ. ತೊಂದರೆ ಬರೋದು ಆ ಬಾಲ ಕಳಚಿ ಪೂರ್ತಿ ಇಂಗ್ಲಿಷ್ ವಾಕ್ಯ ಬರೆಯುವಾಗ.

ಇಂಗ್ಲಿಷ್ ಕೂಡ ಸಾಕಷ್ಟು ದಾರಿ ತಪ್ಪಿಸುತ್ತದೆ ಅನ್ನಿ. ಅಲ್ಲಿನ ಎಷ್ಟೋ ಕ್ರಿಯಾಪದಗಳಿಗೆ ಎರಡೂ ಅರ್ಥಕ್ಕೆ ಒಂದೇ ರೂಪ. ‘ಬಸ್ ನಿಂತಿತು’, ‘ಬಸ್ ನಿಲ್ಲಿಸಿದೆ’ ಎರಡಕ್ಕೂ ಸ್ಟಾಪ್. ‘ಹಾಲು ಕುದಿಯಿತು’, ‘ಹಾಲು ಕುದಿಸಿದೆ’ ಎರಡಕ್ಕೂ ಬಾಯ್ಲ್. ಇವನ್ನು ಕಲಿತು ಅಭ್ಯಾಸವಾದ ಮೇಲೆ ಬೆರಳೆಣಿಕೆಯ ಹಳೆಯ ಜೋಡಿಗಳು ಅಡ್ಡ ಬರುತ್ತವೆ.

ಹಳೆಯ ಜೋಡಿಗಳು ಅಂದೆ. ಇವು ನಿಜಕ್ಕೂ ಹಳೆಯವು. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿ ನಮ್ಮ ‘-ಇಸು’ ಮಾಡುವ ಕೆಲಸಕ್ಕೆ ‘ಯ’ಕಾರದ ಒಂದು ಪ್ರತ್ಯಯ ಇತ್ತು. ಅದು ತನ್ನ ಹಿಂದಿನ ಸ್ವರವನ್ನು ಬದಲಿಸಿ, ಆಮೇಲೆ ತಾನೇ ಉದುರಿಹೋಯಿತು. ಉಳಿದದ್ದು ಬದಲಾದ ಸ್ವರ ಮಾತ್ರ. ಸಿಟ್–ಸೆಟ್ ಅಂದರೆ ಕೂರು–ಕೂರಿಸು. ಲೈ–ಲೇ ಅಂದರೆ ಮಲಗು–ಮಲಗಿಸು. ಫಾಲ್–ಫೆಲ್ ಅಂದರೆ ಬೀಳು–ಬೀಳಿಸು; ಈ ಫೆಲ್ ಈಗ ಹೆಚ್ಚಾಗಿ ಮರ ಕಡಿದು ಕೆಡವುವುದಕ್ಕೆ ಉಳಿದಿದೆ. ರೇಯ್ಸ್ ಮಾತ್ರ ಹೊರಗಿನದು, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ರೈಸ್‌ನ ನಿಜವಾದ ಮನೆಮಗ ‘ರಿಯರ್’, ಮಕ್ಕಳನ್ನೋ ದನಗಳನ್ನೋ ಸಾಕುವುದು. ಎತ್ತಿ ಬೆಳೆಸುವುದು, ಅಲ್ವಾ?

ನನಗೆ ಜಾಸ್ತಿ ಖುಷಿ ಕೊಟ್ಟ ಜೋಡಿ ಡ್ರಿಂಕ್–ಡ್ರೆಂಚ್. ಕುಡಿ–ಕುಡಿಸು! ಡ್ರೆಂಚ್ ಅಂದರೆ ಮಳೆಯಲ್ಲಿ ತೊಯ್ದು ತೊಪ್ಪೆಯಾಗುವುದು ಅಂತಲೇ ನಾವು ಓದಿದ್ದು. ಆದರೆ ಪಶುವೈದ್ಯರು ಇವತ್ತಿಗೂ ದನ, ಕುರಿಗಳಿಗೆ ಬಾಯಿಯ ಮೂಲಕ ಔಷಧಿ ಕುಡಿಸುವುದಕ್ಕೆ ಡ್ರೆಂಚ್ ಅಂತಲೇ ಹೇಳುತ್ತಾರೆ. ನಮ್ಮಲ್ಲಿ ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದರಲ್ಲ, ಅದೇ.

ಲೈ–ಲೇ ವಿಷಯದಲ್ಲಿ ಇನ್ನೊಂದು ಎಡವಟ್ಟಿದೆ. ಲೈ ಪದದ ಭೂತಕಾಲವೂ ‘ಲೇ’. ‘ನಿನ್ನೆ ಮಲಗಿದ್ದ’ ಅನ್ನೋದಕ್ಕೆ ಲೇ, ‘ಈಗ ಇಡು’ ಅನ್ನೋದಕ್ಕೂ ಲೇ. ಇಟ್ಟಾಯಿತು ಅಂದರೆ ಲೇಯ್ಡ್. ಸುಳ್ಳು ಹೇಳುವ ಲೈ ಬೇರೆಯೇ ಪದ, ಅದರ ಭೂತಕಾಲ ಲೈಡ್. ಇಂಗ್ಲಿಷ್ ಮನೆಮಾತಿನವರೇ ಇಲ್ಲಿ ಜಾರುತ್ತಾರೆ. 1818ರಲ್ಲಿ ಅಚ್ಚಾದ ಕವನದಲ್ಲಿ ಇಂಗ್ಲಿಷ್ ಕವಿ ಬೈರನ್ ‘ಅವನು ಅಲ್ಲೇ ಬಿದ್ದಿರಲಿ’ ಅನ್ನುವ ಕಡೆ ಲೈ ಬಿಟ್ಟು ಲೇ ಬಳಸಿದ್ದಾನೆ, ಪ್ರಾಸಕ್ಕೆ ಅದೇ ಒಗ್ಗುತ್ತಿತ್ತು.

ಮಕ್ಕಳಿಗೆ ಹೇಳಿಕೊಡುವಾಗ ‘ಲೇ’ಗೆ ‘ಮಲಗಿಸು’ ಅನ್ನುವುದಕ್ಕಿಂತ ‘ಇಡು’ ಅನ್ನುವುದು ವಾಸಿ. ಮೊಟ್ಟೆ ಇಡುವ ಕೋಳಿಗೆ ಫಾರಮ್ಮಿನವರು ಲೇಯರ್ ಅಂತಾರೆ. ಅಡಿಗಲ್ಲಿನ ಫಲಕಗಳ ಮೇಲೆ ಇಂಗ್ಲಿಷಿನಲ್ಲಿ ಕೊರೆಸುವುದು ಲೇಯ್ಡ್. ವಿಧಾನಸೌಧಕ್ಕೆ ನೆಹರೂ 1951ರ ಜುಲೈ 13ರಂದು ಅಡಿಗಲ್ಲು ಇಟ್ಟರು ಅನ್ನೋ ವಾಕ್ಯಕ್ಕೂ ಅದೇ ಬೇಕು. ರೈಸ್–ರೇಯ್ಸ್‌ಗೆ ಬೆಲೆಯ ಉದಾಹರಣೆ ಒಳ್ಳೆಯದು: ಬೆಲೆ ಏರಿತು, ಬೆಲೆ ಏರಿಸಿದರು. ಪೇಪರಿನವರು ‘ದರ ಏರಿಕೆ’ ಅಂತ ಬರೆದು ಏರಿಸಿದವರನ್ನು ಮರೆಸಿಬಿಡುತ್ತಾರೆ, ಅದು ಬೇರೆ ಮಾತು.

ಒಂದು ಎಚ್ಚರ: ‘-ಇಸು’ ಕಂಡ ಕಡೆಯೆಲ್ಲ ಈ ಸೂತ್ರ ನಡೆಯುವುದಿಲ್ಲ. ಯೋಚಿಸು, ಸೇವಿಸು ಇವುಗಳಲ್ಲಿ ಇನ್ನೊಬ್ಬರಿಂದ ಮಾಡಿಸುವ ಅರ್ಥವೇ ಇಲ್ಲ.

ಈಗ ನಿಮ್ಮಿಂದ ಬೇಕಾದ್ದು. ‘ಏಳು’ ಪದಕ್ಕೆ ನಾನು ಮಲಗಿದವರ ವಿಷಯದಲ್ಲಿ ‘ಎಬ್ಬಿಸು’ ಅನ್ನುತ್ತೇನೆ. ನಿಮ್ಮ ಕಡೆ ‘ಏಳಿಸು’ ಅನ್ನುವ ರೂಪ ಮಾತಿನಲ್ಲಿ ಇದೆಯಾ? ಇದ್ದರೆ ಎರಡಕ್ಕೂ ಅರ್ಥದಲ್ಲಿ ವ್ಯತ್ಯಾಸ ಮಾಡುತ್ತೀರಾ? ಹಾಗೆಯೇ, ದನಕ್ಕೆ ಔಷಧಿ ಕುಡಿಸುವುದಕ್ಕೆ ‘ಗೊಟ್ಟ ಹಾಕು’ ಬಿಟ್ಟು ಬೇರೆ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.