ಕುಲಾಂತರಿ ಆಹಾರ ತಿನ್ನಬಹುದೇ? ಗುಂಪಿನ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ಸೋಯಾ ಎಣ್ಣೆ, ಕಾರ್ನ್ ಫ್ಲೋರ್, ಸಕ್ಕರೆ ಇವೆಲ್ಲ ಕುಲಾಂತರಿ (ಜೀನ್ ಮಾರ್ಪಡಿಸಿದ, ಅಂದರೆ ಜಿಎಂಒ) ಬೆಳೆಯಿಂದ ಬಂದಿರಬಹುದಂತೆ. ಕೆಲವರು ವಿಷ ಅಂತಾರೆ, ಕೆಲವರು ಏನೂ ಆಗಲ್ಲ ಅಂತಾರೆ. ಯಾರ ಮಾತು ಸರಿ?

ಉತ್ತರ (ಆಹಾರ ತಂತ್ರಜ್ಞರು): ಎಲ್ಲ ಕುಲಾಂತರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಉತ್ತರ ಸಿಗುವುದಿಲ್ಲ. ಯಾವ ಜೀನ್ ಸೇರಿಸಿದ್ದಾರೆ, ಅದು ಯಾವ ಪ್ರೋಟೀನ್ ತಯಾರಿಸುತ್ತದೆ, ನಾವು ತಿನ್ನುವ ಭಾಗದಲ್ಲಿ ಆ ಪ್ರೋಟೀನ್ ಉಳಿದಿರುತ್ತದೆಯೇ ಎಂದು ಒಂದೊಂದು ಬೆಳೆಗೂ ಬೇರೆಬೇರೆಯಾಗಿ ಕೇಳಬೇಕು.

ನೀವು ಹೇಳಿದವನ್ನೇ ನೋಡಿ. ಕುಲಾಂತರಿ ಸಕ್ಕರೆ ಬೀಟ್‌ನಿಂದ ತೆಗೆದ ಸಕ್ಕರೆ ಶುದ್ಧ ಸುಕ್ರೋಸ್. ಕಬ್ಬಿನ ಸಕ್ಕರೆಯ ಸುಕ್ರೋಸ್‌ಗೂ ಅದಕ್ಕೂ ವ್ಯತ್ಯಾಸವಿಲ್ಲ. ರಿಫೈನ್ಡ್ ಎಣ್ಣೆಯಲ್ಲಿ ಅಂಟು ತೆಗೆಯುವಾಗ, ಬಣ್ಣ ಇಳಿಸುವಾಗ ಪ್ರೋಟೀನ್, ಡಿಎನ್‌ಎ ಎರಡೂ ಬಹುಪಾಲು ಹೋಗಿಬಿಡುತ್ತವೆ. ಸೋಯಾ ಹಿಟ್ಟು, ಸೋಯಾ ಹಾಲು, ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾತ್ರ ಹೊಸ ಪ್ರೋಟೀನ್ ಉಳಿದಿರಬಹುದು. ಒಂದು ಅಪವಾದ: ಹೈ ಓಲಿಕ್ ಸೋಯಾ ತಳಿಗಳಲ್ಲಿ ಎಣ್ಣೆಯ ಗುಣವನ್ನೇ ಬದಲಿಸಿದ್ದಾರೆ. ಸಾಮಾನ್ಯ ಸೋಯಾ ಎಣ್ಣೆಯಲ್ಲಿ ಓಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಸುಮಾರು ಶೇ 20–25 ಇದ್ದರೆ ಇವುಗಳಲ್ಲಿ ಶೇ 70ಕ್ಕಿಂತ ಹೆಚ್ಚು. ಕರಿಯುವಾಗ ಬೇಗ ಕೆಡುವುದಿಲ್ಲ. ಇದು ಗ್ರಾಹಕರಿಗೆ ನೇರವಾಗಿ ಸಿಗುವ ಲಾಭ.

ಪ್ರಶ್ನೆ: ಬಿಟಿ ಬೆಳೆ ತಿಂದ ಹುಳು ಸಾಯುತ್ತದೆ. ಹಾಗಿದ್ದರೆ ಅದನ್ನು ತಿಂದ ನಮಗೆ ಏನೂ ಆಗುವುದಿಲ್ಲವೇ?

ಉತ್ತರ (ಆಹಾರ ತಂತ್ರಜ್ಞರು): ನ್ಯಾಯವಾದ ಪ್ರಶ್ನೆ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕ್ರೈ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ್ದು ಬಿಟಿ. ಪತಂಗದ ಹುಳುವಿನ ಕರುಳು ತೀವ್ರ ಕ್ಷಾರೀಯ. ಅಲ್ಲಿ ಈ ಪ್ರೋಟೀನ್ ಚುರುಕಾಗಿ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಬೀಗಕ್ಕೆ ಕೀಲಿ ಕೂತಂತೆ ಅಂಟಿಕೊಂಡು ರಂಧ್ರ ಕೊರೆಯುತ್ತದೆ. ನಮ್ಮ ಜಠರ ಆಮ್ಲೀಯ, ಆ ಗ್ರಾಹಕಗಳೂ ನಮ್ಮಲ್ಲಿಲ್ಲ. ಬಳಕೆಯಲ್ಲಿರುವ ಕ್ರೈ ಪ್ರೋಟೀನುಗಳು ಜಠರದ ಪೆಪ್ಸಿನ್ ಎಂಬ ಜೀರ್ಣಕಿಣ್ವಕ್ಕೆ ಸಿಕ್ಕಿ ಸಾಮಾನ್ಯವಾಗಿ ಬೇಗ ಒಡೆಯುತ್ತವೆ.

ಎಲ್ಲ ಕ್ರೈ ಪ್ರೋಟೀನೂ ಹಾಗಲ್ಲ. ಸ್ಟಾರ್‌ಲಿಂಕ್ ಎಂಬ ಮೆಕ್ಕೆಜೋಳದಲ್ಲಿದ್ದ ಕ್ರೈ9ಸಿ ಬಿಸಿಗೂ ಜೀರ್ಣರಸಕ್ಕೂ ಸುಲಭವಾಗಿ ಬಗ್ಗಲಿಲ್ಲ. ಅಲರ್ಜಿಯ ಅನುಮಾನದಿಂದ ಅಮೆರಿಕದಲ್ಲಿ ಆ ಜೋಳಕ್ಕೆ ಪಶು ಆಹಾರಕ್ಕಷ್ಟೇ ಅನುಮತಿ ಇತ್ತು. ಆದರೂ 2000ದಲ್ಲಿ ಮನುಷ್ಯರ ಆಹಾರದಲ್ಲಿ ಪತ್ತೆಯಾಗಿ ಮಾಲು ವಾಪಸ್ ತರಿಸಬೇಕಾಯಿತು. ತೊಂದರೆಯಾಯಿತು ಎಂದವರಲ್ಲಿ 28 ಜನರ ರಕ್ತ ಪರೀಕ್ಷಿಸಿದಾಗ ಕ್ರೈ9ಸಿ ಅಲರ್ಜಿಗೆ ಪುರಾವೆ ಸಿಗಲಿಲ್ಲ. ಆದರೆ ಪಶುಗಳಿಗೆಂದು ಬೆಳೆದ ಕಾಳನ್ನು ಕಣಜ, ಲಾರಿ, ಗಿರಣಿಗಳಲ್ಲಿ ಬೇರೆಯಾಗಿ ಉಳಿಸಿಕೊಳ್ಳಲು ಆಗುವುದಿಲ್ಲ ಎಂಬುದು ಸ್ಪಷ್ಟವಾಯಿತು. ಅರ್ಧ ಅನುಮತಿ ಎಂಬುದೇ ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಮನೆಯಲ್ಲಿ ನಟ್ಸ್ ಅಲರ್ಜಿ ಇರುವ ಮಗು ಇದೆ. ಒಂದು ಬೆಳೆಯ ಅಲರ್ಜಿ ಇನ್ನೊಂದಕ್ಕೆ ಬರಬಹುದೇ ಮೇಡಂ?

ಉತ್ತರ (ಅಲರ್ಜಿ ಪರೀಕ್ಷಾ ತಜ್ಞೆ): ಬರಬಹುದು. ಸೋಯಾದಲ್ಲಿ ಮೆಥಿಯೊನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಕಡಿಮೆ ಎಂದು ಬ್ರೆಜಿಲ್ ನಟ್‌ನ ಜೀನ್ ಸೇರಿಸಿದ್ದರು. ಬ್ರೆಜಿಲ್ ನಟ್ ಅಲರ್ಜಿ ಇದ್ದವರ ರಕ್ತದ ಸೀರಮ್ ಆ ಸೋಯಾಕ್ಕೂ ಪ್ರತಿಕ್ರಿಯಿಸಿತು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು, ತಳಿ ಮಾರುಕಟ್ಟೆಗೆ ಬರಲೇ ಇಲ್ಲ.

ಈಗ ಹೊಸ ಪ್ರೋಟೀನಿನ ಅಮೈನೋ ಆಮ್ಲಗಳ ಸರಣಿಯನ್ನು ಗೊತ್ತಿರುವ ಅಲರ್ಜಿಕಾರಕಗಳೊಂದಿಗೆ ಹೋಲಿಸುತ್ತಾರೆ. 80 ಅಮೈನೋ ಆಮ್ಲಗಳ ತುಣುಕಿನಲ್ಲಿ ಶೇ 35ಕ್ಕಿಂತ ಹೆಚ್ಚು ಹೋಲಿಕೆ ಇದ್ದರೆ ಅದು ಎಚ್ಚರಿಕೆಯ ಗಂಟೆ. ಆಮೇಲೆ ಪೆಪ್ಸಿನ್ ಪರೀಕ್ಷೆ, ಬೇಕಾದರೆ ರೋಗಿಗಳ ಸೀರಮ್ ಪರೀಕ್ಷೆ. ಈ ಕ್ರಮದ ಮಿತಿಯೂ ಗೊತ್ತಿರಲಿ: ಮನುಷ್ಯರು ಹಿಂದೆಂದೂ ತಿನ್ನದ ಪ್ರೋಟೀನಾದರೆ ಅದಕ್ಕೆ ಅಲರ್ಜಿ ಇರುವವರ ಸೀರಮ್ ಎಲ್ಲಿಂದ ತರುವುದು? ಆಗ ಹೋಲಿಕೆ ಮತ್ತು ಜೀರ್ಣತೆಯ ಆಧಾರದಲ್ಲೇ ಅಂದಾಜು ಮಾಡಬೇಕು. ಇನ್ನೊಂದು ಮಾತು, ಸೋಯಾ ಅಲರ್ಜಿ ಇರುವವರಿಗೆ ಕುಲಾಂತರಿ ಅಲ್ಲದ ಸೋಯಾ ಕೂಡ ಅಷ್ಟೇ ಅಪಾಯ. ‘ನಾನ್ ಜಿಎಂಒ’ ಚೀಟಿ ನೋಡಿ ಕೊಡಬೇಡಿ.

ಪ್ರಶ್ನೆ: ಕಳೆನಾಶಕ ತಡೆಯುವ ಸೋಯಾ ಬಗ್ಗೆ ಹೇಳಿ ಸರ್. ಔಷಧಿ ಕಾಳಿಗೂ ಇಳಿಯುತ್ತದಲ್ಲವೇ?

ಉತ್ತರ (ಬೆಳೆ ವಿಜ್ಞಾನಿ): ಇಳಿಯುತ್ತದೆ. ಈ ಸೋಯಾಕ್ಕೆ ಹೊಡೆಯುವ ಕಳೆನಾಶಕ ಗ್ಲೈಫೋಸೇಟ್ ಗಿಡದೊಳಗೆ ಹರಿದಾಡುವ ಔಷಧಿ, ಕಾಳು ತೊಳೆದರೆ ಪೂರ್ತಿ ಹೋಗದು. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಕ್ಯಾನ್ಸರ್ ತರುವ ಸಂಭವವಿದೆ’ ಎಂಬ 2ಎ ಗುಂಪಿಗೆ ಸೇರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆ ಸಂಭವ ಕಡಿಮೆ ಎಂದಿತು. ಮೊದಲನೆಯದು ವಸ್ತುವಿಗೆ ಅಂಥ ಗುಣ ಇದೆಯೇ ಎಂದಷ್ಟೇ ನೋಡುತ್ತದೆ. ಎರಡನೆಯದು ಎಷ್ಟು ಪ್ರಮಾಣ ಮೈಗೆ ಸೇರುತ್ತದೆ ಎಂಬುದನ್ನೂ ಲೆಕ್ಕ ಹಾಕುತ್ತದೆ. ಇಲ್ಲಿ ಚರ್ಚೆ ಜೀನ್ ಮೇಲಲ್ಲ, ಸಿಂಪಡಿಸಿದ ಔಷಧಿಯ ಉಳಿಕೆಯ ಮೇಲೆ.

ನಿಜವಾದ ಪೆಟ್ಟು ಬಿದ್ದಿರುವುದು ಹೊಲದಲ್ಲಿ. 1996ರಿಂದ ಅಮೆರಿಕದ ಹೊಲಗಳಲ್ಲಿ ವರ್ಷವರ್ಷವೂ ಅದೇ ಔಷಧಿ ಹೊಡೆದ ಫಲವಾಗಿ ದಂಟಿನ ಜಾತಿಯ ಪಾಮರ್ ಅಮರಾಂತ್ ಎಂಬ ಕಳೆ ಬಗ್ಗದಾಯಿತು. ಗ್ಲೈಫೋಸೇಟ್ ಯಾವ ಕಿಣ್ವವನ್ನು ಕಟ್ಟಿಹಾಕುತ್ತದೋ ಆ ಕಿಣ್ವದ ಜೀನನ್ನೇ ಅದು ನೂರಕ್ಕೂ ಹೆಚ್ಚು ಪ್ರತಿಗಳವರೆಗೆ ಹೆಚ್ಚಿಸಿಕೊಂಡದ್ದು ಕಂಡುಬಂದಿದೆ. ಆಮೇಲೆ ಡೈಕಾಂಬ ಎಂಬ ಇನ್ನೊಂದು ಕಳೆನಾಶಕ ತಡೆಯುವ ತಳಿ ತಂದರು. ಡೈಕಾಂಬ ಬಿಸಿಲಿಗೆ ಆವಿಯಾಗಿ ಪಕ್ಕದ ಹೊಲಕ್ಕೆ ಹಾರಿ, ಆ ತಳಿಯಲ್ಲದ ಸೋಯಾದ ಎಲೆ ಮುದುಡಿಸಿತು.

ಬಿಟಿಯಲ್ಲೂ ಇದೇ ಶಿಸ್ತಿನ ಪ್ರಶ್ನೆ. ಒಂದೇ ಬಿಟಿ ಜೀನ್ ಇದ್ದರೆ ಶೇ 20ರಷ್ಟು ಜಾಗದಲ್ಲಿ ಬಿಟಿ ಅಲ್ಲದ ಸಾಲು ಬಿಡಬೇಕು ಎಂಬುದು ಅಮೆರಿಕದ ಮೆಕ್ಕೆಜೋಳ ಪ್ರದೇಶದ ನಿಯಮ. ಆ ಸಾಲುಗಳಲ್ಲಿ ಬದುಕಿದ ಸಾಮಾನ್ಯ ಹುಳುಗಳು ನಿರೋಧಕ ಹುಳುಗಳ ಜತೆ ಕೂಡಿದರೆ, ನಿರೋಧಕ ಗುಣ ಅಪ್ರಬಲವಾಗಿದ್ದಲ್ಲಿ (ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕೆಲಸ ಮಾಡುವಂಥದ್ದಾದರೆ), ಮರಿಗಳು ಬಿಟಿ ತಿಂದು ಸಾಯುತ್ತವೆ. ಆಶ್ರಯದ ಸಾಲು ಬಿಡದಿದ್ದರೆ ಲೆಕ್ಕ ತಪ್ಪುತ್ತದೆ. ಗಿಡದಲ್ಲಿ ಪ್ರೋಟೀನ್ ಪ್ರಮಾಣ ಸಾಲದಿದ್ದರೂ ತಪ್ಪುತ್ತದೆ, ಮೆಕ್ಕೆಜೋಳದ ಬೇರು ಹುಳುವಿನ ವಿಷಯದಲ್ಲಿ ಆದದ್ದು ಅದೇ.

ಲಾಭ ಸಣ್ಣದಲ್ಲ. ಕಾಂಡಕೊರಕ ಕೊರೆದ ತೆನೆಯಲ್ಲಿ ಫ್ಯುಸೇರಿಯಂ ಶಿಲೀಂಧ್ರ ಹೊಕ್ಕು ಫ್ಯುಮೊನಿಸಿನ್ ಎಂಬ ವಿಷ ಬಿಡುತ್ತದೆ. ಹುಳುವಿನ ಕಾಟ ಇರುವ ಕಡೆ ಬಿಟಿ ಮೆಕ್ಕೆಜೋಳದಲ್ಲಿ ಆ ವಿಷ ಕಡಿಮೆ. ಹವಾಯಿಯಲ್ಲಿ ರಿಂಗ್‌ಸ್ಪಾಟ್ ವೈರಸ್‌ನಿಂದ ನೆಲಕಚ್ಚಿದ್ದ ಪಪ್ಪಾಯ ಕೃಷಿಯನ್ನು 1998ರಲ್ಲಿ ಬಂದ ವೈರಸ್ ನಿರೋಧಕ ತಳಿ ಉಳಿಸಿತು.

ಪ್ರಶ್ನೆ: ಹಣ್ಣಿನ ಸ್ಟಿಕರ್‌ನಲ್ಲಿ 8ರಿಂದ ಶುರುವಾಗುವ ಐದಂಕಿ ಇದ್ದರೆ ಕುಲಾಂತರಿ ಎಂಬ ಮೆಸೇಜ್ ಬರುತ್ತಿರುತ್ತದೆ. ನಿಜವೇ? ಪರೀಕ್ಷೆ ಮಾಡಿಸುವುದು ಹೇಗೆ?

ಉತ್ತರ (ಪ್ರಯೋಗಾಲಯ ವಿಶ್ಲೇಷಕರು): ಸ್ಟಿಕರ್ ಮಾತು ನಂಬಬೇಡಿ. 8ನ್ನು ಅದಕ್ಕೆಂದು ಒಮ್ಮೆ ಮೀಸಲಿಟ್ಟಿದ್ದು ಹೌದು, ಅಂಗಡಿಗಳಲ್ಲಿ ಅದು ಬಳಕೆಗೆ ಬರಲಿಲ್ಲ. ಬೀಜವಿಲ್ಲದ ಕಲ್ಲಂಗಡಿ ಕೂಡ ಕುಲಾಂತರಿ ಅಲ್ಲ, ಎರಡರ ಬದಲು ಮೂರು ಸೆಟ್ ವರ್ಣತಂತುಗಳಿರುವ ಹೈಬ್ರಿಡ್.

ಪರೀಕ್ಷೆ ಪಿಸಿಆರ್‌ನಿಂದ, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ವಿಧಾನದಿಂದ. ಮೊದಲು ಹಲವು ಕುಲಾಂತರಿಗಳಲ್ಲಿ ಸಾಮಾನ್ಯವಾಗಿರುವ ತುಣುಕುಗಳನ್ನು, ಅಂದರೆ ಜೀನ್ ಚಾಲೂ ಮಾಡುವ 35ಎಸ್ ಪ್ರಮೋಟರ್, ಅದನ್ನು ಕೊನೆಗೊಳಿಸುವ ನಾಸ್ ಟರ್ಮಿನೇಟರ್ ಹುಡುಕುತ್ತೇವೆ, ಸಿಕ್ಕರೆ ನಿರ್ದಿಷ್ಟ ತಳಿಯನ್ನು ಗುರುತಿಸುತ್ತೇವೆ. 35ಎಸ್ ಮೂಲ ಹೂಕೋಸಿನ ಒಂದು ವೈರಸ್. ಹೂಕೋಸು, ಸಾಸಿವೆ ಜಾತಿಯ ಬೆಳೆಗೆ ಆ ವೈರಸ್ ತಗುಲಿದ್ದರೂ ಪಾಸಿಟಿವ್ ಬರುತ್ತದೆ. ಅದಕ್ಕೇ ಎರಡನೇ ಹಂತ ಬಿಡಲೇಬಾರದು.

ಸ್ಯಾಂಪಲ್ ತೆಗೆಯುವುದರಲ್ಲೇ ಹೆಚ್ಚು ತಪ್ಪಾಗುವುದು. ಸಾವಿರ ಕಾಳಿಗೆ ಒಂದು ಕುಲಾಂತರಿ ಇದ್ದರೆ, ಅದು ಶೇ 95ರ ಭರವಸೆಯಲ್ಲಿ ಕೈಗೆ ಸಿಗಲು ಸುಮಾರು 3000 ಕಾಳು ಬೇಕು, ಅದೂ ಚೀಲದ ಮೇಲೆ, ನಡುವೆ, ತಳದಿಂದ. ಒಂದು ಹಿಡಿ ತಂದುಕೊಟ್ಟರೆ ‘ಇಲ್ಲ’ ಎಂಬ ವರದಿಗೆ ಬೆಲೆಯಿಲ್ಲ. ರಿಫೈನ್ಡ್ ಎಣ್ಣೆ, ಸಕ್ಕರೆ ಪರೀಕ್ಷಿಸಿದರೆ ಡಿಎನ್‌ಎಯೇ ಸಿಗದಿರಬಹುದು. ಆಗ ಬೆಳೆಯ ಸ್ವಂತ ಜೀನ್ ಕೂಡ ಕಾಣದಿದ್ದರೆ ವರದಿಯಲ್ಲಿ ‘ನೆಗೆಟಿವ್’ ಅಲ್ಲ, ‘ಪರೀಕ್ಷಿಸಲಾಗದು’ ಎಂದು ಬರೆಯಬೇಕು. ಚೀಟಿಗೂ ಮಿತಿಯಿದೆ: ಯುರೋಪಿನಲ್ಲಿ ಅನುಮತಿ ಪಡೆದ ತಳಿ ಆಕಸ್ಮಿಕವಾಗಿ ಶೇ 0.9ರವರೆಗೆ, ಅಮೆರಿಕದಲ್ಲಿ ಶೇ 5ರವರೆಗೆ ಬೆರೆತಿದ್ದರೆ ಹೇಳಬೇಕಾಗಿಲ್ಲ. ಚೀಟಿಯಲ್ಲಿ ಏನೂ ಇಲ್ಲದಿದ್ದರೆ ಸೊನ್ನೆ ಎಂದು ತಿಳಿಯಬೇಡಿ.